ಅಡ್ಡಿಯಿದ್ದವರು ಎದ್ದು ಹೇಳಬಹುದು

ಪ್ರೊಟೆಸ್ಟೆಂಟ್ ಸಭೆಯವರು ನಡೆಸುತ್ತಿದ್ದ ಆ ಶಾಲೆಯಲ್ಲಿ ಹೆಡ್‌ಮಿಸ್ ಎದುರು ಮಕ್ಕಳ ಅಪ್ಪ ಅಮ್ಮಂದಿರೂ ದನಿ ತಗ್ಗಿಸುತ್ತಿದ್ದರು. ನಲವತ್ತು ದಾಟಿದರೂ ಮದುವೆಯ ಗೋಜಿಗೆ ಹೋಗದೆ ಶಾಲೆಯೇ ಮನೆ ಅಂದುಕೊಂಡಿದ್ದವರು. ಬೆಳಗಿನ ಪ್ರಾರ್ಥನೆಯಲ್ಲಿ ಯಾರ ತುಟಿ ಆಡುತ್ತಿಲ್ಲ ಅನ್ನುವುದು ಕೊನೆಯ ಸಾಲಿನವರೆಗೂ ಅವರ ಕಣ್ಣಿಗೆ ಬೀಳುತ್ತಿತ್ತು. ಆದರೆ ಸಂಗೀತದ ಮೇಷ್ಟ್ರು ಆರ್ಗನ್ ಮುಂದೆ ಕೂತ ಕೂಡಲೇ ತಮ್ಮ ಮುಖವೇ ಅರಳುತ್ತದೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮೇಷ್ಟ್ರ ಅತ್ತೆಗೆ. ಮಗಳು ತೀರಿಕೊಂಡ ಮೇಲೂ ಅಳಿಯನ ಮನೆಯಲ್ಲೇ ಉಳಿದು ಮೊಮ್ಮಗಳನ್ನು ಸಾಕಿದ ಜೀವ ಅದು. ದಿನಾ ಅವಳನ್ನು ಶಾಲೆಗೆ ಬಿಡಲು ಬಂದು, ಗೇಟಿನ ಬಳಿ ನಿಂತು ಎಲ್ಲ ನೋಡುತ್ತಿದ್ದರು. ಒಂದು ಮಧ್ಯಾಹ್ನ ನೇರ ಆಫೀಸಿಗೇ ಬಂದು ಕುರ್ಚಿ ಎಳೆದು ಕೂತರು. ಮೊಮ್ಮಗಳ ಲೆಕ್ಕದ ಮಾರ್ಕಿನ ತಕರಾರಿರಬೇಕೆಂದು ಹೆಡ್‌ಮಿಸ್ ಸಜ್ಜಾದರು.

"ಲೆಕ್ಕ ಅವಳಪ್ಪನ ತಲೆಗೇ ಹತ್ತಲಿಲ್ಲ, ಅದಿರಲಿ," ಅಂದರು ಅತ್ತೆ. "ನಾನು ನಿಮ್ಮನ್ನ ಹೆಣ್ಣು ಕೇಳೋಕೆ ಬಂದಿದೀನಿ ಕಣಮ್ಮ."

ಹೆಡ್‌ಮಿಸ್ ಕೈಲಿದ್ದ ಸೀಮೆಸುಣ್ಣ ಪಟ್ಟೆಂದು ಮುರಿಯಿತು. ಇದು ಮೇಷ್ಟ್ರಿಗೆ ಗೊತ್ತೇ ಎಂದು ಕೇಳಿದರು. ಗೊತ್ತಾದರೆ ಅವನು ಊರು ಬಿಟ್ಟು ಓಡಿಹೋಗುತ್ತಾನೆ, ಅಂಥ ಸಂಕೋಚದ ಪ್ರಾಣಿ ಅಂದರು ಅತ್ತೆ. ನಿಮ್ಮ ಮಗಳ ಜಾಗಕ್ಕೆ ನಾನು ಬಂದರೆ ನಿಮಗೆ ಸಂಕಟವಾಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಾಗ ಆ ಹಿರಿಯ ಹೆಂಗಸಿನ ಕಣ್ಣು ತುಂಬಿತು.

"ಅವಳ ಜಾಗ ಅವಳದೇ. ನೀವು ನಿಮ್ಮ ಜಾಗಕ್ಕೆ ಬನ್ನಿ."

ಆ ವಾರ ಹೆಡ್‌ಮಿಸ್ ಎಂಟನೇ ಕ್ಲಾಸಿಗೆ ಹೋಗಿ ಐದನೇ ಕ್ಲಾಸಿನ ಪಾಠ ಮಾಡಿದರು. ಮಕ್ಕಳು ತೆಪ್ಪಗೆ ಬರೆದುಕೊಂಡರು. ಕೊನೆಗೆ ಗಟ್ಟಿ ಮನಸ್ಸು ಮಾಡಿ, ಶಾಲೆ ಬಿಟ್ಟ ಮೇಲೆ ಸಂಗೀತದ ಕೋಣೆಗೆ ಹೋದರು. ನಿಮ್ಮ ಅತ್ತೆ ನನ್ನನ್ನು ಹೆಣ್ಣು ಕೇಳಿ ಹೋಗಿದ್ದಾರೆ, ನೀವೇನಂತೀರಿ ಎಂದು, ರಜೆಯ ವಿಷಯ ವಿಚಾರಿಸುವ ಧಾಟಿಯಲ್ಲೇ ಕೇಳಿಬಿಟ್ಟರು. ಮೇಷ್ಟ್ರ ಕೈಲಿದ್ದ ಹಾಡಿನ ಪುಸ್ತಕಗಳೆಲ್ಲ ನೆಲದ ಪಾಲು. ಇಬ್ಬರೂ ಮಂಡಿಯೂರಿ ಆರಿಸತೊಡಗಿದರು.

"ಮಗಳನ್ನ ಕೇಳಬೇಕು," ಅಂದರು ಮೇಷ್ಟ್ರು ತಲೆ ಎತ್ತದೆ. "ನನ್ನನ್ನಂತೂ ಕೇಳೋದೇ ಬೇಡ."

ಮಗಳಿಗಿದ್ದದ್ದು ಒಂದೇ ಅನುಮಾನ: ಮನೆಯಲ್ಲೂ ಮಿಸ್ ಅನ್ನಬೇಕಾ? ಬೇಡ ಅಂದಿದ್ದಕ್ಕೆ ಖುಷಿಯಿಂದ ಒಪ್ಪಿದಳು.

ಸಭೆಯ ಪದ್ಧತಿಯಂತೆ ಪಾದ್ರಿಗಳು ಭಾನುವಾರದ ಆರಾಧನೆಯಲ್ಲಿ ಇಬ್ಬರ ಹೆಸರು ಓದಿ, ಈ ಮದುವೆಗೆ ಅಡ್ಡಿಯಿದ್ದವರು ಎದ್ದು ಹೇಳಬಹುದು ಅಂದರು. ಅರ್ಧ ಚರ್ಚು ಶಾಲೆಯ ಮಕ್ಕಳೇ. ಆ ನಿಶ್ಶಬ್ದದಲ್ಲಿ ಅತ್ತೆ ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತರು.

"ಅಡ್ಡಿ ಏನಿಲ್ಲ ಪಾದ್ರಿಗಳೇ. ಇಷ್ಟು ತಡ ಮಾಡಿದ್ದಕ್ಕೆ ಇವರಿಬ್ಬರಿಗೂ ನಿಮ್ಮ ಬಾಯಿಂದ ಒಂದು ಮಾತು ಬೈಸೋಣ ಅಂತ ಎದ್ದೆ, ಅಷ್ಟೇ."

ಮೊದಲು ನಕ್ಕವರು ಪಾದ್ರಿಗಳೇ. ಆಮೇಲೆ ಚರ್ಚಿಗೆ ಚರ್ಚೇ ನಕ್ಕಿತು.

ಮದುವೆಯ ದಿನ ಹೆಡ್‌ಮಿಸ್ ಕೈಹಿಡಿದು ಒಳಗೆ ಕರೆತಂದವರೂ ಅತ್ತೆಯೇ. ಆರ್ಗನ್ ನುಡಿಸುವವರೇ ಮದುವೆ ಗಂಡಾದ್ದರಿಂದ ಮಕ್ಕಳು ಬರೀ ಬಾಯಲ್ಲೇ ಹಾಡಿದರು. ಶ್ರುತಿ ಎಲ್ಲಿಗೋ ಏರಿಹೋಯಿತು. ಮೇಷ್ಟ್ರು ತಡೆಯಲಾಗದೆ, ನಿಂತಲ್ಲೇ ಕೈಯಾಡಿಸಿ ಅವರನ್ನು ದಾರಿಗೆ ತರಲು ನೋಡಿದರು. ಹೆಡ್‌ಮಿಸ್ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಹಾಡು ಮುಗಿದ ಮೇಲೂ ಬಿಡಲಿಲ್ಲ.