ಕೊನೇ ಸ್ಟಾಪಿನ ಹದಿನೈದು ನಿಮಿಷ

ಹನ್ನೆರಡನೇ ನಂಬರ್ ಬಸ್ಸಿನ ಡ್ರೈವರು ಇಪ್ಪತ್ತಾರು ವರ್ಷಗಳಿಂದ ಒಂದೇ ದಾರಿ ಸವೆಸಿದವನು. ಎಲ್ಲಿ ಯಾವ ಗುಂಡಿ ಇದೆ ಎಂಬುದು ಅವನಿಗೆ ಅಂಗೈಗೆರೆಯಷ್ಟೇ ಪರಿಚಿತ. ಕೊನೇ ಸ್ಟಾಪಿನಲ್ಲಿ ಬಸ್ಸು ಪ್ರತಿ ಸಲವೂ ಹದಿನೈದು ನಿಮಿಷ ನಿಲ್ಲುತ್ತಿತ್ತು. ಅಷ್ಟೂ ಹೊತ್ತು ಎಂಜಿನ್ನು ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಬ್ಯಾಟರಿ ಕೈಕೊಟ್ಟು ಯಾವ ಕಾಲವಾಯಿತೋ! ಒಮ್ಮೆ ಆಫ್ ಮಾಡಿದರೆ ಮತ್ತೆ ಹೊರಡಿಸಲು ಹತ್ತು ಜನ ತಳ್ಳಬೇಕು. ಹಾಗೆ ತಳ್ಳಿಸಿ, ಪ್ರಯಾಣಿಕರಿಂದ ಛೀಮಾರಿ ಹಾಕಿಸಿಕೊಂಡ ಮೇಲೆ ಅವನು ಕೀಲಿಯ ತಂಟೆಗೇ ಹೋಗುತ್ತಿರಲಿಲ್ಲ.

ಸ್ಟಾಪಿನ ಎದುರು ಮನೆಯ ಮಹಡಿಯಲ್ಲಿ ಒಬ್ಬಾಕೆ ಬಟ್ಟೆ ಹೊಲಿಯುತ್ತಿದ್ದಳು. ಒಂದು ಬೆಳಗ್ಗೆ ಆಕೆ ಕಿಟಕಿಯ ಪರದೆಯನ್ನೇ ಕಿತ್ತುಕೊಂಡು ಕೆಳಗಿಳಿದು ಬಂದಳು.

"ಡ್ರೈವರಣ್ಣಾ, ಇದ್ಯಾವ ಬಣ್ಣ ಹೇಳಿ?"

"ಬೂದಿ ಬಣ್ಣ."

"ಹೋದ ವಾರ ಒಗೆದು ಹಾಕಿದಾಗ ಬಿಳಿ ಇತ್ತು. ಪರದೆ ಬಿಡಿ, ಒಗೀಬಹುದು. ನಮ್ಮತ್ತೆಗೆ ಉಬ್ಬಸ. ಅವರ ಎದೆ ಒಗೆಯೋಕಾಗತ್ತಾ?"

ಅವನಿಗೆ ಸಿಟ್ಟು ಬಂತು. "ಎಲ್ಲಾ ನನ್ನ ಬಸ್ಸಿಂದಲೇ ಆಯ್ತಾ? ಊರಲ್ಲಿ ಸಾವಿರ ಗಾಡಿ ಓಡ್ತವೆ."

"ಓಡೋ ಗಾಡಿಗೆ ನಾನು ಏನೂ ಅನ್ನಲ್ಲಣ್ಣ. ನಿಂತಿರೋ ಗಾಡಿ ಯಾಕೆ ಹೊಗೆ ಬಿಡ್ಬೇಕು?"

ಆ ದಿನವಿಡೀ ಸ್ಟೇರಿಂಗ್ ತಿರುಗಿಸುವಾಗಲೂ ಆ ಪ್ರಶ್ನೆ ಅವನ ತಲೆಯನ್ನು ಕೊರೆಯುತ್ತಲೇ ಇತ್ತು. ದಿನಕ್ಕೆ ಎಂಟು ಸಲ, ಹದಿನೈದು ನಿಮಿಷ. ಲೆಕ್ಕ ಹಾಕಿದರೆ ಎರಡು ಗಂಟೆ!

ಡಿಪೋದ ಮೆಕ್ಯಾನಿಕ್ಕು ಅವನ ಹೆಂಡತಿಯ ತಮ್ಮ. ಕೇಳಿದರೆ ಆತ ಕೈ ಒರೆಸಿಕೊಳ್ಳುತ್ತ, "ಹೊಸ ಬ್ಯಾಟರಿಗೆ ಬರೆದು ಆರು ತಿಂಗಳಾಯ್ತು ಭಾವ. ನೀವೇ ಹೋಗಿ ಮ್ಯಾನೇಜರ್ ತಲೆ ತಿನ್ನಿ," ಎಂದ.

ಡ್ರೈವರು ಹಾಗೇ ಮಾಡಿದ. ಪಾಳಿ ಮುಗಿದ ಮೇಲೆ ಮೂರು ದಿನ ಮ್ಯಾನೇಜರ ಬಾಗಿಲಲ್ಲಿ ಠಿಕಾಣಿ ಹೂಡಿದ. ಕೊನೆಗೆ ಒಳಗೆ ಕರೆದಾಗ ಒಂದೇ ಮಾತು ಹೇಳಿದ: "ಸಾರ್, ಒಂದು ಮಾರು ಮುಂದೆ ಹೋಗ್ದೆ ದಿನಕ್ಕೆ ಎರಡು ಗಂಟೆ ಡೀಸೆಲ್ ಸುಡ್ತಾ ಇದೀವಿ."

ಮ್ಯಾನೇಜರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ಎಲ್ಲೋ ಅಡಿಯಲ್ಲಿದ್ದ ಅರ್ಜಿಯನ್ನು ಎಳೆದು ಸಹಿ ಹಾಕಿದರು.

ಹೊಸ ಬ್ಯಾಟರಿ ಕೂತ ಮೊದಲ ದಿನ, ಕೊನೇ ಸ್ಟಾಪಿನಲ್ಲಿ ಅವನು ಕೀಲಿ ತಿರುಗಿಸಿದ. ಬಸ್ಸು ಒಮ್ಮೆ ಮೈ ಕೊಡವಿ ಸುಮ್ಮನಾಯಿತು.

"ಅಯ್ಯೋ, ಕೆಟ್ಟೋಯ್ತಾ?" ಎಂದು ಅಜ್ಜರೊಬ್ಬರು ಆಗಲೇ ಅಂಗಿಯ ತೋಳು ಮಡಚಿಕೊಂಡು ತಳ್ಳಲು ಇಳಿದೇಬಿಟ್ಟರು.

ಕಂಡಕ್ಟರಮ್ಮ ನಗು ತಡೆಯಲಾರದೆ, "ಹತ್ತಿ ಕೂತ್ಕೊಳ್ಳಿ ತಾತಾ, ಕೆಟ್ಟಿಲ್ಲ. ದಣಿವಾರಿಸ್ಕೊಳ್ತಿದೆ!" ಎಂದಳು.

ಡ್ರೈವರಿಗೆ ಮಾತ್ರ ಕಿವಿ ಹೊಸದಾಗಿ ಬಂದಂತಾಯಿತು. ಮರದ ಮೇಲೆ ಹಕ್ಕಿಗಳ ಜಗಳ, ಯಾರದೋ ಮನೆಯಲ್ಲಿ ಪಾತ್ರೆಯ ಸದ್ದು, ಮಹಡಿಯಿಂದ ಹೊಲಿಗೆ ಯಂತ್ರದ ಟಕಟಕ. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತೇ? ಹೊರಡುವ ಹೊತ್ತಾಯಿತು. ಕೀಲಿ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್!

ತಿಂಗಳೊಳಗೆ ಆ ದಾರಿಯ ಉಳಿದ ಮೂವರು ಡ್ರೈವರುಗಳೂ ಅಲ್ಲಿ ಎಂಜಿನ್ ಆರಿಸತೊಡಗಿದರು. ಒಬ್ಬ ಮಾತ್ರ ಮೊದಮೊದಲು ಗೊಣಗಿದ. ಅವನನ್ನು ಹೊಲಿಗೆಯಾಕೆಯೇ ವಿಚಾರಿಸಿಕೊಂಡಳು.

ಆಕೆಯ ಅತ್ತೆ ಈಗ ಬಾಗಿಲು ತೆರೆದು ಬಾಲ್ಕನಿಯಲ್ಲೇ ಕೂರುತ್ತಾರೆ. ಕೆಮ್ಮು ಪೂರಾ ಹೋಗಿಲ್ಲ, ಆದರೆ ಗದರುವಷ್ಟು ಉಸಿರು ಚೆನ್ನಾಗಿಯೇ ಬಂದಿದೆ. ಮೊನ್ನೆ ಬಸ್ಸು ನಿಂತ ಕೂಡಲೇ ಮೇಲಿನಿಂದ ಕೂಗಿದರು:

"ಏನಪ್ಪಾ, ಇವತ್ತು ಐದು ನಿಮಿಷ ತಡ?"

"ದಾರೀಲಿ ಗಾಡಿ ಜಾಸ್ತಿ ಇದ್ವು ಅಜ್ಜೀ," ಎಂದು ನಗುತ್ತ ಡ್ರೈವರು ಬುತ್ತಿ ಬಿಚ್ಚಿದ.