ಹನ್ನೊಂದು ದಿನದ ಕುಲುಮೆ

ಮೊದಲ ನಳಿಗೆ ಒಡೆದದ್ದು ನನ್ನ ತಪ್ಪಿನಿಂದ. ಅದನ್ನು ನಾನೇ ಹೇಳುತ್ತೇನೆ, ಬೇರೆಯವರು ಹೇಳುವುದು ಬೇಡ. ಕಬ್ಬೂರಿನಲ್ಲಿ ಕಬ್ಬು ಕಡಿಯುವ ಕೂಲಿಯವರ ಮನೆಯಲ್ಲಿ ಬೆಳೆದವಳು ನಾನು. ತ್ರೀ ಫೇಸ್ ಕರೆಂಟ್ ಬಂತೆಂದರೆ ಉಣ್ಣುವ ತಾಟು ಬಿಟ್ಟು ಓಡಿ ಹೊಲದೊಡೆಯರ ಪಂಪು ಚಾಲೂ ಮಾಡುವ ಜನ ನಾವು. ಅದು ಹೋಗುವುದರೊಳಗೆ ನೀರು ಹಾಯಿಸಬೇಕಲ್ಲ. ೨೦೦೯ರಲ್ಲಿ, ಚಿಕ್ಕೋಡಿಯ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೂ ಅದನ್ನೇ ಮಾಡಿದೆ. ಕರೆಂಟ್ ಬಂದ ಕೂಡಲೇ ವಿದ್ಯುತ್ ಕುಲುಮೆಯ ಕಾವನ್ನು ಒಮ್ಮೆಲೇ ಪೂರ್ತಿ ಏರಿಸಿದೆ. ಒಳಗಿದ್ದದ್ದು ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಜ್ ನಳಿಗೆ. ಅದರಲ್ಲಿ ಸಮೇರಿಯಂ ಎಂಬ ಅಪರೂಪದ ಲೋಹದ ಚೂರುಗಳು ಮತ್ತು ಗಂಧಕ. ಲೋಹದೊಡನೆ ಕೂಡಲು ಗಂಧಕಕ್ಕೆ ನಾನು ಪುರುಸೊತ್ತೇ ಕೊಡಲಿಲ್ಲ. ಅದು ಆವಿಯಾಗಿ ಒತ್ತಿ, ನಳಿಗೆ ಢಮ್ಮೆಂದಿತು. ವರಾಂಡದ ತುಂಬ ಗಂಧಕದ ಹೊಗೆ. ಬಿ.ಎ. ಹುಡುಗಿಯರು ಪರೀಕ್ಷೆ ಬಿಟ್ಟು ಅಂಗಳಕ್ಕೆ ಓಡಿದರು.

ಪ್ರಿನ್ಸಿಪಾಲ ರಾಜಾರಾಮ ಸರ್ ಆ ಕೋಣೆಗೆ ಬೀಗ ಜಡಿದರು.

"ನೀಲಮ ಮೇಡಮ್, ಇದು ಬಾಂಬ್ ಮಾಡೋ ಜಾಗಾ ಅಲ್ಲ. ಈ ಸಾಮಾನು ದೊಡ್ಡ ಊರಿನ ಕಾಲೇಜಿಗೆ ಕೊಟ್ಟಬಿಡ್ತೀವಿ. ಅಲ್ಲಿ ಮಾಡೋರು ಮಾಡ್ತಾರ. ನೀವು ಪಾಠ ಮಾಡಕೊಂಡ ಆರಾಮ ಇರ್ರಿ."

ಆರಾಮ! ನನ್ನ ಮೈಯೆಲ್ಲ ಉರಿದುಹೋಯಿತು. ಆ ಕುಲುಮೆಗಾಗಿ ನಾಲ್ಕು ವರ್ಷ ಅರ್ಜಿ ಬರೆದವಳು ನಾನು. ಅದು ಹೋದರೆ ನನ್ನ ಪಿಎಚ್.ಡಿ.ಯೂ ಹೋದಂತೆ. ಉಳಿದ ಸಮೇರಿಯಂ ಇನ್ನೊಂದೇ ನಳಿಗೆಗೆ ಸಾಕಾಗುವಷ್ಟಿತ್ತು.

"ಇನ್ನೊಂದ ಸಲ ಬಿಡ್ರಿ," ಎಂದೆ. "ನಾನ ಅದರ ಬಾಜೂಕ ಕುರ್ಚಿ ಹಾಕ್ಕೊಂಡು ಕುಂದರ್ತೀನಿ. ಒಡದ್ರ ಮೊದಲ ನನಗ ಬಡೀತೈತಿ."

ಜವಾಬ್ದಾರಿ ನನ್ನದೇ ಎಂದು ಬರೆಸಿಕೊಂಡರು. ನಾನು ಸಹಿ ಹಾಕಿ, ಅದರ ಕೆಳಗೆ ನನ್ನದೂ ನಾಲ್ಕು ಮಾತು ಬರೆದು ಮುಂದೆ ಹಿಡಿದೆ: 'ಬರುವ ವಸ್ತು ಕಪ್ಪಗಿರುತ್ತದೆ. ಗೀರಿದರೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಕುಲುಮೆ ಇಲ್ಲೇ ಉಳಿಯಬೇಕು, ಕೀಲಿ ನನ್ನ ಬಳಿ ಇರಬೇಕು.' ಸರ್ ನಗುತ್ತಲೇ ಸಹಿ ಮಾಡಿ ಬೀಗ ತೆಗೆದರು, ಕೀಲಿ ಮಾತ್ರ ತಮ್ಮ ಜೇಬಿಗೇ ಹಾಕಿಕೊಂಡರು.

ಕೊಲ್ಹಾಪುರದಲ್ಲಿ ಗಾಜು ಊದುವ ಭಾವುಸಾಹೇಬರಿಂದ ಹೊಸ ನಳಿಗೆ ಮುಚ್ಚಿಸಿಕೊಂಡು, ನಿಪ್ಪಾಣಿ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಈ ಸಲ ಅವಸರವಿಲ್ಲ. ತಾಸಿಗೆ ಇಪ್ಪತ್ತೇ ಡಿಗ್ರಿ. ಗಂಧಕ ಲೋಹದೊಡನೆ ಕೂಡಲೆಂದು ನಾನೂರರ ಹತ್ತಿರ ಎರಡು ದಿನ ನಿಲ್ಲಿಸಿದೆ. ಕರೆಂಟ್ ಹೋದರೆ ಹೋಗಲಿ. ಬಂದಾಗ ಕಾವು ಇಳಿದಲ್ಲಿಂದಲೇ ಮತ್ತೆ ನಿಧಾನಕ್ಕೆ ಏರಿಸಿದೆ. ನಾಲ್ಕು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಹಗಲೆಲ್ಲ ಕುಲುಮೆಗೆ ಬೆನ್ನು ಕೊಟ್ಟು ಕುಳಿತು ಇನ್ನೂರು ಉತ್ತರಪತ್ರಿಕೆ ತಿದ್ದಿದೆ. ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಒಳಗೆ ಟಿಕ್ ಎಂದರೂ ಪೆನ್ನು ನಿಲ್ಲುತ್ತಿತ್ತು. ಬಾಗಿಲಲ್ಲಿ ಇಣುಕಿದ ಸಹೋದ್ಯೋಗಿಗಳನ್ನು ಚಹಾಕ್ಕೆ ಕರೆದೆ. ಒಬ್ಬರೂ ಹೊಸ್ತಿಲು ದಾಟಲಿಲ್ಲ.

ಸಾವಿರ ಡಿಗ್ರಿ ಮುಟ್ಟಿ, ತಣ್ಣಗಾಗಿ, ನಳಿಗೆ ಇಡಿಯಾಗಿ ಹೊರಬಂತು. ಸರ್ ಎದುರಿಗೇ ಒಡೆದೆ. ತಟ್ಟೆಗೆ ಬಿದ್ದದ್ದು ಒಂದು ಕರಿ ಗಟ್ಟಿ.

"ಬೆಲ್ಲ ಹೊತ್ತಿಸಿದಂಗ ಆಗೇತಲ್ರಿ!" ಸರ್ ಜೇಬಿನಿಂದ ಕೋಣೆಯ ಕೀಲಿ ತೆಗೆದು ಬೆರಳಲ್ಲಿ ತಿರುಗಿಸಿದರು. "ಸೋಮವಾರ ಗಾಡಿ ಬರ್ತೈತಿ, ಕುಲುಮೆ ಕಳಸೋಣು."

ನಾನು ಇಬ್ಬರ ಸಹಿಯಿದ್ದ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟೆ.

"ಗೀರ್ರಿ."

"ಯಾತರಿಂದ?"

"ಕೈಯಾಗ ಐತಲ್ರಿ ನಿಮ್ಮ ಕೀಲಿ."

ಅವರು ಕೀಲಿಯ ತುದಿಯಿಂದ ಒತ್ತಿ ಗೀರಿದರು. ಕರಿಯ ಮೇಲೆ ಹೊಳೆಯುವ ಬಂಗಾರದ ಗೆರೆ ಮೂಡಿತು. ನಂಬದೆ ಮತ್ತೊಮ್ಮೆ ಗೀರಿದರು. ಮತ್ತೊಂದು ಗೆರೆ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು, ಎರಡನ್ನೂ ನುಂಗಿದೆ.

"ಇದು ಬಂಗಾರನ ಏನ್ರಿ?" ಸರ್ ದನಿ ತಗ್ಗಿತ್ತು.

"ಅಲ್ರಿ. ಸಮೇರಿಯಂ ಸಲ್ಫೈಡ್. ಒತ್ತಿದಲ್ಲಿ ಬಣ್ಣ ಬದಲಸ್ತೈತಿ. ನಮ್ಮ ಚಿಕ್ಕೋಡ್ಯಾಗ ಆಗೇತಿ."

"ನಮ್ಮ ಕಾಲೇಜಿನ ಚೇರಮನ್ನರಿಗೆ ತೋರಸಬೇಕ ಇದನ್ನ. ಕೊಡ್ರಿ, ನಾನ ಒಯ್ತೀನಿ."

ನಾನು ತಟ್ಟೆಯ ಮೇಲೆ ಎಡಗೈ ಮುಚ್ಚಿ, ಬಲಗೈ ಚಾಚಿದೆ.

"ಮೊದಲ ಕೀಲಿ ಇಡ್ರಿ."