ಹಗುರ ಕೋವಿ

ನನಗೆ ತಾಯಂದಿರು ಇಬ್ಬರು. ಒಬ್ಬಳು ಭೂಮಿಯ ಹೊಟ್ಟೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಕಬ್ಬಿಣ. ಇನ್ನೊಬ್ಬಳು ಬೆಟ್ಟದ ಇಳಿಜಾರಿನಲ್ಲಿ ಗಾಳಿಗೆ ತಲೆದೂಗುತ್ತಿದ್ದ ಅಕ್ರೋಟು ಮರ. ಅವಳನ್ನು ಅಗೆದು ಕರಗಿಸಿದರು, ಇವಳನ್ನು ಕಡಿದು ಒಣಗಿಸಿದರು. ಅವಳಿಂದ ನನಗೆ ನಳಿಗೆ ಬಂತು, ಇವಳಿಂದ ಹೆಗಲಿಗೆ ಒರಗುವ ಹಿಡಿ ಬಂತು. ನಾನು ಒಂದು ಕೋವಿ.

ಯುರೋಪಿನ ಯಾವುದೋ ಚಳಿಯೂರಿನ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನನ್ನ ನಳಿಗೆಯ ಬಾಯಿ ಕಾಲು ಅಂಗುಲಕ್ಕಿಂತ ಕೂದಲೆಳೆಯಷ್ಟು ಅಗಲ. ಬಲ್ಲವರು ಈ ಅಳತೆಗೆ ಕ್ಯಾಲಿಬರ್ ಎನ್ನುತ್ತಾರೆ. ಮನುಷ್ಯರಿಗೆ ಜಾತಕವಿದ್ದ ಹಾಗೆ ನಮಗೆ ಅದು. ಎಷ್ಟು ದೊಡ್ಡ ಪ್ರಾಣಿಯ ಮುಂದೆ ನಿಲ್ಲಬಹುದು ಎನ್ನುವುದು ಹುಟ್ಟುವಾಗಲೇ ಗೊತ್ತಾಗಿಬಿಡುತ್ತದೆ. ನನ್ನ ಪಾಲಿಗೆ ಬಂದದ್ದು ಸಣ್ಣ ಹುಲ್ಲೆಗಳು. ಅದಕ್ಕಾಗಿ ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ.

ಹಡಗು ಹತ್ತಿ ಆಫ್ರಿಕಾಕ್ಕೆ ಬಂದೆ. ಟಾಂಗನಿಕಾ ಎಂದು ಕರೆಯುತ್ತಿದ್ದ ಸೀಮೆ ಅದು. ನನ್ನನ್ನು ಮೊದಲು ಕೊಂಡವನು ಮಾತು ಕಡಿಮೆಯ ಒಬ್ಬ ಬಿಳಿಯ. ವಾರಕ್ಕೊಮ್ಮೆ ಅಡಿಗೆಮನೆಗೆಂದು ಒಂದು ಹುಲ್ಲೆ ಹೊಡೆಯುತ್ತಿದ್ದ. ನನ್ನಿಂದ ಒಂದು ಗುಂಡಿಗಿಂತ ಹೆಚ್ಚು ಎಂದೂ ಕೇಳಲಿಲ್ಲ. ಹನ್ನೆರಡು ವರ್ಷ ಹೀಗೇ ಕಳೆಯಿತು. ಅವನ ಕಣ್ಣು ಮಂಜಾದಾಗ ನನ್ನನ್ನು ಟಾಂಗಾ ಪಟ್ಟಣದ ಒಂದು ಅಂಗಡಿಯಲ್ಲಿ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದ. ಹೋಗುವಾಗ ಒಂದು ಸಲ ನನ್ನ ಹಿಡಿಯನ್ನು ಸವರಿದ. ಅದನ್ನು ನೆನೆದರೆ ಈಗಲೂ ಮರಕ್ಕೆ ಬೆಚ್ಚಗಾಗುತ್ತದೆ.

ಅಂಗಡಿ ನಾನಾಲಾಲ್ ಸೇಠರದ್ದು. ಗುಜರಾತಿನಿಂದ ಬಂದು ಆ ಊರಿನಲ್ಲೇ ತಲೆ ಹಣ್ಣಾದವರು. ಒಂದು ದಿನ ಅಲ್ಲಿಗೆ ಇಬ್ಬರು ಬಂದರು. ಮುಂದೆ ಬಂದವನು ಬೆಳ್ಯಪ್ಪ. ಕೊಡಗಿನವನು, ಬರ್ಮಾದ ಯುದ್ಧ ಮುಗಿಸಿದ ಸುಬೇದಾರ, ಈಗ ಟಾಂಗಾದ ಹೊರಗಿನ ಕತ್ತಾಳೆ ತೋಟವೊಂದರ ಮ್ಯಾನೇಜರು. ಹಿಂದೆ ಬಂದವನು ಅವನ ಹೆಂಡತಿಯ ತಮ್ಮ ಚಿಣ್ಣಪ್ಪ. ಇಪ್ಪತ್ತೆರಡು ವರ್ಷ, ಬಾಗಿಲಿಗೆ ಅಡ್ಡ ನಿಂತರೆ ಅಂಗಡಿಗೆ ಬೆಳಕು ಬಾರದಂಥ ಮೈಕಟ್ಟು. ಊರಿಂದ ಬಂದು ಎಂಟು ತಿಂಗಳಾಗಿತ್ತು. ಅದೇ ತೋಟದಲ್ಲಿ ಗುಮಾಸ್ತ.

"ಪಾಲಾಹಾಲಾ ಹೊಡೆಯಬೇಕು ಸೇಠ್‌ಜಿ. ಲೈಸೆನ್ಸ್ ಆಗಿದೆ," ಎಂದ ಬೆಳ್ಯಪ್ಪ.

ಪಾಲಾಹಾಲಾ ಎಂದರೆ ಇವರ ಊರಿನ ಕಡವೆಯಷ್ಟು ದೊಡ್ಡದಾದ, ಕಾಡಿಗೆ ಬಳಿದಂತೆ ಕಪ್ಪಾದ ಹುಲ್ಲೆ. ಕೊಂಬುಗಳು ಹಿಂದಕ್ಕೆ ಬಾಗಿ ಬೆನ್ನಿನ ಮೇಲೆ ಎರಡು ಕುಡುಗೋಲು ಎತ್ತಿ ಹಿಡಿದಂತೆ ಕಾಣುತ್ತವೆ. ಸೇಠರು ಮರುಮಾತಾಡದೆ ಒಂದು ದಪ್ಪ ನಳಿಗೆಯ ಕೋವಿ ತೆಗೆದು ಕೊಟ್ಟರು. ಅದರ ಗುಂಡು ನನ್ನದಕ್ಕಿಂತ ಎರಡು ಪಟ್ಟು ತೂಕ.

ಅಂಗಡಿಯ ಹಿಂದೆ ಮಣ್ಣಿನ ದಿಬ್ಬಕ್ಕೆ ಬೆಳ್ಯಪ್ಪ ಒಂದು ಗುಂಡು ಹೊಡೆದ. ತೆರೆದ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಅವನು ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತ. ತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಇದೇನು ಕೋವಿಯಾ ಫಿರಂಗಿಯಾ? ಆನೆ ಹೊಡೆಯುವವರಿಗೆ ಕೊಡಿ," ಎಂದು ನಕ್ಕ.

"ಭಾವ, ನಾನೊಂದು ಹೊಡೆದು ನೋಡ್ಲಾ?" ಚಿಣ್ಣಪ್ಪ ಕೈ ಚಾಚಿದ.

"ನೋಡೋದಕ್ಕೆ ಇದೇನು ಸಂತೆಯಾ ಮಾರಾಯ? ಬಿಡು." ಬೆಳ್ಯಪ್ಪ ಕೋವಿಯನ್ನು ಸೇಠರಿಗೇ ಹಿಂದಿರುಗಿಸಿದ.

ಆಮೇಲೆ ಅವನ ಕೈ ನನ್ನನ್ನು ಎತ್ತಿಕೊಂಡಿತು. ಹೆಗಲಿಗೆ ಒರಗಿದೊಡನೆ ನನಗೆ ಎಲ್ಲ ತಿಳಿಯಿತು. ಬಲ ಹೆಗಲಿನಲ್ಲಿ ಅಂಗಿಯ ಕೆಳಗೆ ಒಂದು ಗುಳಿ. ಯುದ್ಧದಲ್ಲಿ ಹೊಕ್ಕ ಸಿಡಿಗುಂಡಿನ ಚೂರು ಎಲುಬನ್ನು ಒಡೆದಿತ್ತು. ಎಲುಬು ಸರಿಯಾಗಿ ಕೂಡಿರಲೇ ಇಲ್ಲ. ದೊಡ್ಡ ಕೋವಿಯ ಒದೆತಕ್ಕೆ ಅದು ಒಳಗೊಳಗೇ ನಡುಗುತ್ತಿತ್ತು. ಬಾಯಿ ಮಾತ್ರ ಬೇರೆಯೇ ಹೇಳುತ್ತಿತ್ತು.

"ನಮ್ಮಪ್ಪ ಹಳೇ ತೋಟೆ ಕೋವಿಯಲ್ಲಿ ಕಡವೆ ಉರುಳಿಸಿದ್ದು ಉಂಟು. ಗುರಿ ಇದ್ದರೆ ಸಾಕು. ಇದೇ ಇರಲಿ."

ಸೇಠರು ಕನ್ನಡಕ ತೆಗೆದು ಒರೆಸಿದರು. "ಸಾಹೇಬ್, ಇದರಿಂದಲೂ ಪಾಲಾಹಾಲಾ ಸಾಯುತ್ತೆ. ಆದರೆ ನಿಮಗೆ ಬೇಕಾದಾಗ ಅಲ್ಲ, ಅದಕ್ಕೆ ಬೇಕಾದಾಗ. ಸಣ್ಣ ಹುಲ್ಲೆಗೆ ಇದು ಚಿನ್ನ. ದೊಡ್ಡದಕ್ಕೆ ಬೇಡ."

ಬೆಳ್ಯಪ್ಪ ಕೇಳಿಸಿಕೊಳ್ಳಲಿಲ್ಲ. ಹೀಗೆ ನಾನು ಕತ್ತಾಳೆ ತೋಟದ ಬಂಗಲೆಗೆ ಬಂದೆ.

ಅಲ್ಲಿ ಚೋಂದಮ್ಮನನ್ನು ಕಂಡೆ. ಬೆಳ್ಯಪ್ಪನ ಹೆಂಡತಿ, ಚಿಣ್ಣಪ್ಪನ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವರ ಮಾತೆಲ್ಲ ಊರಿನ ಬೇಟೆಯದ್ದೇ. ಅವರ ಕಡೆ ಒಂದು ಪದ್ಧತಿ ಇತ್ತಂತೆ. ಗುಂಡು ತಗುಲಿ ಬಿದ್ದ ಪ್ರಾಣಿಯ ಬಾಲವನ್ನು ಯಾರು ಮೊದಲು ಓಡಿಹೋಗಿ ಮುಟ್ಟುತ್ತಾನೋ ಅವನಿಗೂ ಮಾಂಸದಲ್ಲಿ ಬೇರೆ ಪಾಲು, ನಾಲ್ಕು ಜನರ ನಡುವೆ ಹೆಸರು. ಚಿಣ್ಣಪ್ಪನಿಗೆ ಆ ಹೆಸರು ಇನ್ನೂ ಸಿಕ್ಕಿರಲಿಲ್ಲ.

"ಬಾಲ ಮುಟ್ಟದ ಗಂಡಿಗೆ ಯಾರು ಹೆಣ್ಣು ಕೊಡ್ತಾರೆ?" ಊಟದ ಹೊತ್ತಿಗೆ ಬೆಳ್ಯಪ್ಪ ಕೆಣಕುತ್ತಿದ್ದ. "ಕೋಳಿ ಬಾಲ ಮುಟ್ಟಿದ್ದಕ್ಕೆ ಲೆಕ್ಕ ಇಲ್ಲ ಮಾರಾಯ."

"ನೀವು ಒಂದನ್ನ ಬೀಳಿಸಿ ಭಾವ. ಅದು ನೆಲಕ್ಕೆ ತಾಗೋ ಮೊದಲು ನನ್ನ ಕೈಲಿ ಬಾಲ ಇರ್ತದೆ."

"ಅನ್ನ ಉಣ್ಣಿ ಇಬ್ಬರೂ," ಎಂದು ಚೋಂದಮ್ಮ ಸೌಟು ಬಡಿಯುತ್ತಿದ್ದಳು. ನಗು ಮೂಲೆಯಲ್ಲಿದ್ದ ನನ್ನವರೆಗೂ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಹೆಜ್ಜೆ ಹಿಡಿಯಲು ಆ ಊರಿನ ಹಮೀಸಿ ಎಂಬ ಹಿರಿಯ ಜೊತೆಗಿದ್ದ. ತೋಟದ ಗಡಿ ದಾಟಿ ಎರಡು ಮೈಲಿ ನಡೆದರೆ ಒಣ ಕಾಡು. ಅಲ್ಲಿ ನಿಂತಿತ್ತು ಅದು, ಒಂದು ಮರದ ಬುಡದಲ್ಲಿ, ಒಂಟಿಯಾಗಿ. ನಾನು ಅಷ್ಟು ಚಂದದ ಪ್ರಾಣಿಯನ್ನು ಅದುವರೆಗೆ ಕಂಡಿರಲಿಲ್ಲ. ಕಥೆಯಲ್ಲಿ ರಾಜಕುಮಾರನಿಗೆ ಶಾಪ ತಗುಲಿ ಹೀಗಾಗಿದ್ದಾನೆ ಎಂದರೆ ನಂಬಬೇಕು, ಹಾಗಿತ್ತು.

ಬೆಳ್ಯಪ್ಪ ಉಸಿರು ಹಿಡಿದು ಟ್ರಿಗರ್ ಎಳೆದ.

ಗುಂಡು ನನ್ನ ಬಾಯಿಂದ ಹೊರಟಾಗಲೇ ನನಗೆ ಗೊತ್ತಿತ್ತು. ಗುರಿ ಒಂದಿಷ್ಟು ಮೇಲಾಗಿತ್ತು. ದೊಡ್ಡ ಗುಂಡಾಗಿದ್ದರೆ ಬೆನ್ನೆಲುಬು ಪುಡಿಯಾಗುತ್ತಿತ್ತು. ನನ್ನ ಹಗುರ ಗುಂಡು ಎಲುಬಿನ ತುದಿಗೆ ಬಡಿದು ನಿಂತಿತು. ಪೆಟ್ಟಿಗೆ ಮೈ ಮರಗಟ್ಟಿ, ಪ್ರಾಣಿ ಕಡಿದ ಮರದಂತೆ ದೊಪ್ಪನೆ ಬಿತ್ತು. ಅಲುಗಾಡಲಿಲ್ಲ.

"ಬಿತ್ತು!" ಎಂದು ಚಿಣ್ಣಪ್ಪ ಓಡಿದ.

"ಬಾಡೋ! ಬಾಡೋ!" ಹಮೀಸಿ ಕೂಗಿದ. ಇನ್ನೂ ಇಲ್ಲ, ತಡಿ ಎಂದರ್ಥ. ಎಂಟು ತಿಂಗಳಿಂದ ತೋಟದಲ್ಲಿ ದಿನವೂ ಕೇಳುತ್ತಿದ್ದ ಮಾತು ಅದು. ಚಿಣ್ಣಪ್ಪನಿಗೆ ಅರ್ಥವಾಗದೇ ಇರಲಿಲ್ಲ. ಹಮೀಸಿ ಅವನ ಅಂಗಿಯನ್ನೂ ಹಿಡಿದ, ಅವನು ಕೊಡವಿಕೊಂಡ. ಬಿದ್ದ ದೊಡ್ಡ ಹುಲ್ಲೆಯ ಹತ್ತಿರ ಹೋಗುವ ಮೊದಲು ಅದರ ಕಣ್ಣಿಗೆ ಮಣ್ಣಿನ ಹೆಂಟೆ ಎಸೆದು ನೋಡಬೇಕು ಎನ್ನುವುದು ಅಲ್ಲಿಯವರ ಕ್ರಮ. ಕೊಡಗಿನವರಿಗೆ ಓಡಿ ಗೊತ್ತು, ಕಾದು ಗೊತ್ತಿಲ್ಲ. ಬೆಳ್ಯಪ್ಪನೂ ತಡೆಯಲಿಲ್ಲ. ನಗುತ್ತಾ ನಿಂತಿದ್ದ.

ಚಿಣ್ಣಪ್ಪ ಹಿಂದಿನಿಂದ ಬಗ್ಗಿ ಬಾಲ ಹಿಡಿದ. ಹಿಡಿದು ನಮ್ಮ ಕಡೆ ಮುಖವೆತ್ತಿದ. ಅಷ್ಟರಲ್ಲಿ ಪ್ರಾಣಿ ಮುಂಗಾಲ ಮೇಲೆ ಎದ್ದು ತಲೆಯನ್ನು ಹಿಂದಕ್ಕೆ ಬೀಸಿತು. ಹಿಂದಕ್ಕೆ ಬಾಗಿದ ಆ ಕೊಂಬು ಇರುವುದೇ ಅದಕ್ಕೆ. ಬೆನ್ನ ಮೇಲೆ ಬಿದ್ದ ಸಿಂಹವನ್ನೂ ಅದು ಹೀಗೇ ತಿವಿಯುತ್ತದೆ. ಒಂದು ಕೊಂಬು ಅವನ ಪಕ್ಕೆಲುಬಿನ ಕೆಳಗೆ ಹೊಕ್ಕಿತು.

ಬೆಳ್ಯಪ್ಪ ಓಡುತ್ತಲೇ ಇನ್ನೊಂದು ಗುಂಡು ಹೊಡೆದ. ಅದು ಪ್ರಾಣಿಯ ಕಿವಿಯ ಹಿಂದೆ ಹೊಕ್ಕಿತು. ಆಗ ಸತ್ತಿತು ಅದು. ಸೇಠರು ಹೇಳಿದ ಹಾಗೇ, ಅದಕ್ಕೆ ಬೇಕಾದ್ದೆಲ್ಲ ಮುಗಿದ ಮೇಲೆ.

ಚಿಣ್ಣಪ್ಪನ ತಲೆಯನ್ನು ಬೆಳ್ಯಪ್ಪ ತೊಡೆಯ ಮೇಲೆ ಇಟ್ಟುಕೊಂಡ. ನನ್ನನ್ನು ಪಕ್ಕದಲ್ಲಿ ಹುಲ್ಲಿನ ಮೇಲೆ ಹಾಕಿದ್ದ. ಹುಲ್ಲು ಒದ್ದೆಯಾಗುತ್ತಾ ನನ್ನವರೆಗೂ ಬಂತು.

"ಮುಟ್ಟಿದೆ ಭಾವ," ಎಂದ ಚಿಣ್ಣಪ್ಪ. "ನೋಡಿದ್ರಲ್ಲ? ಅಕ್ಕನಿಗೆ ಹೇಳಿ."

"ನೋಡಿದೆ. ನೋಡಿದೆ ಕಣೋ. ಮಾತಾಡಬೇಡ."

ಅವನು ಮತ್ತೆ ಮಾತಾಡಲಿಲ್ಲ.

ಬೆಳ್ಯಪ್ಪ ಆ ತಲೆಯನ್ನು ಹುಲ್ಲಿನ ಮೇಲೆ ಇಳಿಸಿದ. ಆಮೇಲೆ ಎದ್ದು ನನ್ನನ್ನು ಎತ್ತಿಕೊಂಡು ಆಕಾಶಕ್ಕೆ ಗುರಿಯಿಟ್ಟು ಒಂದರ ಹಿಂದೆ ಒಂದು ಎರಡು ಗುಂಡು ಹೊಡೆದ. ಹಮೀಸಿ ಏನೂ ತಿಳಿಯದೆ ಮೇಲೆ ನೋಡಿದ. ಕೊಡಗಿನಲ್ಲಿ ಮನೆಯಲ್ಲಿ ಸಾವಾದರೆ ಹೀಗೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಆ ಸೀಮೆಯಲ್ಲಿ ಅವನ ಹೊರತು ಅದರ ಅರ್ಥ ಬಲ್ಲವಳು ಒಬ್ಬಳೇ, ಎರಡು ಮೈಲಿಯಾಚೆಯ ಬಂಗಲೆಯಲ್ಲಿದ್ದಳು.

ನಾವು ತಲುಪಿದಾಗ ಚೋಂದಮ್ಮ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಕೊನೆಯಲ್ಲಿ ಜೊತೆಯಾಗಿ ಹಾರಿದ ಗುಂಡು ಎರಡೆಂದು ಎಣಿಸಿದ್ದಳು. ಯಾರಿಗೆಂದು ಗೊತ್ತಿರಲಿಲ್ಲ. ಗಂಡ ನಡೆದು ಬರುವುದನ್ನು ಕಂಡಳು. ಆಗ ಗೊತ್ತಾಯಿತು. ಬದುಕಿ ಬಂದ ಗಂಡನನ್ನು ಹೆಂಡತಿಯೊಬ್ಬಳು ಹಾಗೆ ನೋಡಿದ್ದನ್ನು ನಾನು ಕಂಡೆ. ಕಾಣಬಾರದಿತ್ತು.

ಬಂದವರಿಗೆಲ್ಲ ಬೆಳ್ಯಪ್ಪ ಒಂದೇ ಮಾತು ಹೇಳಿದ. "ಪ್ರಾಣಿ ಕೆಟ್ಟದ್ದು. ಹಣೆಬರಹ." ನನ್ನನ್ನು ಬೀರುವಿನ ಹಿಂದೆ ನಿಲ್ಲಿಸಿದ. ನಾಲ್ಕು ತಿಂಗಳು ಯಾರೂ ಮುಟ್ಟಲಿಲ್ಲ.

ಕೈಲ್‌ಪೊಳ್ದ್ ಬಂತು, ಕೊಡವರು ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಬೆಳ್ಯಪ್ಪ ನನ್ನನ್ನು ಹೊರಗೆ ತೆಗೆದು ಒರೆಸತೊಡಗಿದ. ಚೋಂದಮ್ಮ ಒಳಗಿಂದ ಬಂದು ಎದುರು ಕೂತಳು. ಕೈಯಲ್ಲಿ ಹೂವಿರಲಿಲ್ಲ.

ಅವನ ಕೈ ನಿಂತಿತು. "ಚೋಂದು, ಅಂಗಡಿಯಲ್ಲಿ ದೊಡ್ಡ ಕೋವಿ ಇತ್ತು," ಎಂದ. "ನನ್ನ ಹೆಗಲು ತಡೆಯಲಿಲ್ಲ. ಹುಡುಗನ ಮುಂದೆ ಹೇಳೋದಕ್ಕೆ ನಾಚಿಕೆ ಆಯ್ತು."

"ಗೊತ್ತು," ಎಂದಳು.

ಅವನು ತಲೆಯೆತ್ತಿದ.

"ದಿನಾ ಸಂಜೆ ಆ ಹೆಗಲಿಗೆ ಎಣ್ಣೆ ತಿಕ್ಕಿದ್ದು ಯಾರು? ಭಾವ ದೊಡ್ಡ ಕೋವೀನ ನನ್ನ ಕೈಗೇ ಕೊಡ್ಲಿಲ್ಲ ಅಂತ ಚಿಣ್ಣ ಅವತ್ತೇ ಹೇಳಿದ್ದ. ಪ್ರಾಣಿ ಕೆಟ್ಟದ್ದು ಅಂತ ನೀವು ಪ್ರತಿ ಸಲ ಹೇಳುವಾಗಲೂ ನಾನು ಕೇಳ್ತಾ ಕೂತಿದ್ದೆ, ಇವತ್ತು ಹೇಳ್ತಾರಾ, ಇವತ್ತು ಹೇಳ್ತಾರಾ ಅಂತ." ಅವಳ ದನಿ ಏರಲಿಲ್ಲ. "ಅವನ ಹೆಗಲು ಎಷ್ಟು ಅಗಲ ಇತ್ತು ನೋಡಿದ್ರಲ್ಲ? ಒಂದು ಮಾತು ಹೇಳಿದ್ರೆ ಆ ಕೋವೀನ ಅವನೇ ಹಿಡೀತಿದ್ದ. ಬಾಲ ನೀವು ಮುಟ್ಟಬಹುದಿತ್ತು."

ಬೆಳ್ಯಪ್ಪ ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ. ಆ ವರ್ಷ ನನಗೆ ಪೂಜೆಯಾಗಲಿಲ್ಲ. ಮರುವಾರ ನನ್ನನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ. ಅವರಿಬ್ಬರೂ ಊರಿಗೆ ಹೋದರೆಂದು ಕೇಳಿದೆ. ಒಂದೇ ಹಡಗಿನಲ್ಲಿ ಹೋದರೋ ಇಲ್ಲವೋ ಹೇಳಿದವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ನಾನು ಠಾಣೆಯ ಉಗ್ರಾಣದಲ್ಲಿದ್ದೇನೆ. ಗೋಡೆಗೆ ಒರಗಿ ನಿಂತು ಮುದುಕಿಯಾದೆ. ದೇಶದ ಹೆಸರು ಬದಲಾಯಿತು, ಬಾವುಟ ಬದಲಾಯಿತು, ನನ್ನ ಹಿಡಿಯಲ್ಲಿ ಹುಳು ಸಣ್ಣ ದಾರಿಗಳನ್ನು ಕೊರೆಯಿತು. ಯಾವ ಕೋವಿ ಒಳ್ಳೆಯದೆಂದು ಜನ ಇಲ್ಲಿಯೂ ಮಾತಾಡುತ್ತಾರೆ. ಪ್ರಾಣಿಯ ತೂಕ ಕೇಳುತ್ತಾರೆ, ದೂರ ಕೇಳುತ್ತಾರೆ. ಹಿಡಿಯುವವನ ಹೆಗಲನ್ನು ಕೇಳಿದವರನ್ನು ನಾನು ಕಾಣೆ.

ಮೊನ್ನೆ ಹೊಸ ಅಧಿಕಾರಿಯೊಬ್ಬ ನನ್ನನ್ನು ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕಿದ. "ಇದು ಯಾವುದಕ್ಕೆ?" ಎಂದು ಕೇಳಿದ.

ಉಗ್ರಾಣದ ಮುದುಕ ಕಾಗದದಿಂದ ತಲೆಯೆತ್ತದೆ, "ಸಣ್ಣದಕ್ಕೆ," ಎಂದ. ಅಧಿಕಾರಿ ಅದನ್ನೇ ಒಂದು ಚೀಟಿಯಲ್ಲಿ ಬರೆದು ನನ್ನ ಕುತ್ತಿಗೆಗೆ ಕಟ್ಟಿ, ಮತ್ತೆ ಗೋಡೆಗೆ ಒರಗಿಸಿ ಹೋದ.